ಎಡಗಡೆಯ ಕೆಳಮೂಲೆ

ಆಷಾಢ ಬಂತೆಂದರೆ ನಮ್ಮ ಸ್ಟುಡಿಯೊದ ಕ್ಯಾಮೆರಾಗಳು ಚೀಲದೊಳಗೇ ಇರುತ್ತವೆ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಶಾಲೆಗೆ, ಬ್ಯಾಂಕಿಗೆ ಪಾಸ್‌ಪೋರ್ಟ್ ಅಳತೆಯ ಫೋಟೊ ಬೇಕೆಂದು ದಿನಕ್ಕೆ ಐದಾರು ಮಂದಿ ಬಂದರೆ ಹೆಚ್ಚು. ಜ್ಯೇಷ್ಠದವರೆಗೆ ತೆಗೆದ ಮದುವೆಗಳ ಆಲ್ಬಮ್ಮುಗಳನ್ನು ಕೂತು ಮುಗಿಸುವುದಷ್ಟೇ ಆಗ ನನ್ನ ಕೆಲಸ. ಒಂದೊಂದು ಮದುವೆಗೂ ಸಾವಿರಾರು ಫೋಟೊಗಳು. ಎಲ್ಲದರಲ್ಲೂ ಅದೇ ಹೂವಿನ ಗೋಡೆ, ಅದೇ ಕೆಂಪು ಸೋಫಾ, ಅದೇ ನಗು. ಮಧ್ಯಾಹ್ನದ ಹೊತ್ತಿಗೆ ಯಾರ ಮದುವೆ ನೋಡುತ್ತಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು.

ಸ್ಟುಡಿಯೊ ನನ್ನ ಸೋದರಮಾವನದು. ಚನ್ನರಾಯಪಟ್ಟಣದಲ್ಲಿ, ತೆಂಗಿನಕಾಯಿ ಮಂಡಿಗಳ ಕಡೆ ಹೋಗುವ ರಸ್ತೆಯಲ್ಲಿ, ಒಂದು ಔಷಧಿ ಅಂಗಡಿಯ ಮೇಲಿದೆ. ನಾನು ಹಾಸನದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ ಮುಗಿಸಿ ಎರಡು ವರ್ಷ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಮೂರನೆಯ ವರ್ಷದ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ. "ಮನೇಲಿ ಕುಂತ್ಕಂಡು ಏನ್ ಮಾಡ್ತೀಯಮ್ಮಿ, ಬಾ ಇತ್ಲಾಗೆ" ಎಂದು ಮಾವ ಕರೆದರು. ಬಂದೆ. ಅದಕ್ಕಿಂತ ಹೆಚ್ಚು ಯೋಚನೆ ಮಾಡುವಷ್ಟು ಶಕ್ತಿ ಆಗ ನನ್ನಲ್ಲಿ ಇರಲಿಲ್ಲ.

ಆ ಆಷಾಢದ ಒಂದು ಗುರುವಾರ ಬೆಳಿಗ್ಗೆ ಹೊಳೆನರಸೀಪುರದಿಂದ ಒಬ್ಬ ಹುಡುಗಿ ಫೋನು ಮಾಡಿದಳು. ಒಂದು ತಿಂಗಳ ಹಿಂದೆ ಅರಕಲಗೂಡಿನ ಒಂದು ಕಲ್ಯಾಣಮಂಟಪದಲ್ಲಿ ಅವಳ ಮದುವೆಯ ಫೋಟೊ ತೆಗೆದಿದ್ದೆ. ಆಷಾಢಕ್ಕೆಂದು ಅಮ್ಮನ ಮನೆಗೆ ಬಂದಿದ್ದಳು.

"ಅಕ್ಕಾ, ಭಾನುವಾರ ನಮ್ಮಜ್ಜಿ ಹೋಗ್ಬಿಟ್ರು" ಎಂದಳು. "ಬುಧವಾರ ತಿಥಿ. ಒಂದು ಫೋಟೊ ಬೇಕಿತ್ತು."

ಅಜ್ಜಿಯೆಂದರೆ ಅವಳ ತಂದೆಯ ತಾಯಿ. ಮನೆಯಲ್ಲಿ ಬೇರೆ ಫೋಟೊ ಇಲ್ಲವೇ ಎಂದು ಕೇಳಿದೆ.

"ಆಧಾರ್ ಕಾರ್ಡಲ್ಲಿರೋದು ಒಂದು. ಅದ್ರಲ್ಲಿ ಪೊಲೀಸರು ಹಿಡ್ಕೊಂಡು ಬಂದಿರೋ ಥರ ಅವ್ರೆ. ಇನ್ನೊಂದು ಅಪ್ಪನ ಮದ್ವೇದು, ತಾತ ಇದ್ದಾಗಿಂದು. ನಾವ್ಯಾರೂ ಫೋನಲ್ಲಿ ತೆಗೆಯೋಕ್ಕೇ ಆಗ್ತಿರ್ಲಿಲ್ಲ ಅಕ್ಕ. ಫೋನ್ ಎತ್ತಿದ್ರೆ ಸಾಕು, ಸೆರಗಲ್ಲಿ ಮುಖ ಮುಚ್ಕೊಳೋರು. ನೀವ್ ತೆಗ್ದಿರೋ ಗ್ರೂಪ್ ಫೋಟೊದಲ್ಲಿ ಅವ್ರೆ. ಆದ್ರೆ ಕತ್ಲೆ."

ಆ ಫೋಟೊದಿಂದ ಅಜ್ಜಿಯನ್ನು ಮಾತ್ರ ಕತ್ತರಿಸಿ, ಫೋನಿನ ಯಾವುದೋ ಆಪ್‌ಗೆ ಹಾಕಿ ಬೆಳ್ಳಗೆ ಮಾಡಿಸಿದ್ದಳಂತೆ. ಅದನ್ನೂ ವಾಟ್ಸಾಪಿನಲ್ಲಿ ಕಳಿಸಿದಳು. ತೆರೆದು ನೋಡಿದೆ. ಸುಕ್ಕಿಲ್ಲದ ಕೆನ್ನೆ, ಸಾಲಾಗಿ ಜೋಡಿಸಿದ ಹಲ್ಲು, ಯಾವುದೋ ಊರಿನ ಯಾರೋ ಹೆಂಗಸು. ಹಣೆಯ ನಡುವೆ ದುಂಡನೆಯ ಕೆಂಪು ಬೊಟ್ಟು. ಸೀರೆಯುಟ್ಟವರೆಲ್ಲರಿಗೂ ಅದು ಬೊಟ್ಟು ಇಡುತ್ತದೆಂದು ಕಾಣುತ್ತದೆ.

"ಅಪ್ಪ ನೋಡಿ ಕೂಗಾಡ್ಬಿಟ್ರು. ಇಪ್ಪತ್ತು ವರ್ಷದಿಂದ ಕುಂಕುಮ ಮುಟ್ಟದೇ ಇರೋಳ್ಗೆ ಇದೇನ್ ಮಾಡಿದೀಯ ಅಂತ. ನಾನೇನ್ ಇಟ್ನಾ ಅಕ್ಕ? ಅದೇ ತಾನಾಗಿ ಇಟ್ಬಿಟ್ಟೈತೆ. ಹೆಂಗಾದ್ರೂ ಮಾಡಿ, ಅಜ್ಜಿ ಹೆಂಗಿದ್ರೋ ಹಂಗೇ ತೆಗ್ದುಕೊಡಿ."

ಆಗಲಿ, ನೋಡುತ್ತೇನೆ ಎಂದೆ. ಆಗುತ್ತದೆ ಎಂದು ಹೇಳಲಿಲ್ಲ.

ಮೂಲ ಫೈಲುಗಳನ್ನು ತೆರೆದೆ. ಒಂದು ಗುಂಪಿಗೆ ಮೂರು ಸಲ ಹೊಡೆಯುವುದು ನಮ್ಮ ಪದ್ಧತಿ. ಒಂದರಲ್ಲಿ ಯಾರಾದರೂ ಕಣ್ಣು ಮುಚ್ಚಿಯೇ ಇರುತ್ತಾರೆ. ಹೆಣ್ಣಿನ ಕಡೆಯವರ ಈ ಗುಂಪಿನಲ್ಲಿ ಎಲ್ಲರ ಕಣ್ಣೂ ತೆರೆದಿದ್ದುದು ಮೂರನೆಯದರಲ್ಲಿ. ಆಲ್ಬಮ್ಮಿಗೆ ಹೋದದ್ದೂ, ಹುಡುಗಿಯ ಕೈಯಲ್ಲಿದ್ದುದೂ ಅದೇ. ವೇದಿಕೆಯ ಮೇಲೆ ಹುಡುಗ, ಹುಡುಗಿ, ಸುತ್ತ ಹನ್ನೆರಡು ಜನ. ಅಜ್ಜಿ ಮಾತ್ರ ವೇದಿಕೆಯ ಮೇಲಿಲ್ಲ. ಪಕ್ಕದ ಮೆಟ್ಟಿಲಿಳಿದು ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದಾರೆ. ಹಾಗಾಗಿ ಅವರ ಮುಖ ಚಿತ್ರದ ಎಡಗಡೆಯ ಕೆಳಮೂಲೆಗೆ ಬಂದಿದೆ. ಆ ಮೂಲೆ ಕಪ್ಪು. ಹಣೆ ಮತ್ತು ಒಂದು ಕೆನ್ನೆ ಮಂಕಾಗಿ ಕಾಣುತ್ತವೆ, ಕಿವಿಯ ಕಡೆ ಏನೂ ಇಲ್ಲ.

ಮೊದಲನೆಯದನ್ನೂ ತೆರೆದೆ. ಅದರಲ್ಲಿ ಅಜ್ಜಿ ವೇದಿಕೆಯ ಮೇಲೆಯೇ ಇದ್ದಾರೆ, ಮಗನ ಪಕ್ಕದಲ್ಲಿ. ಮುಖದ ತುಂಬ ಬೆಳಕಿದೆ. ಒಂದೊಂದು ಸುಕ್ಕೂ ಎಣಿಸಬಹುದು. ಆದರೆ ಮಗ, ಎಂದರೆ ಹುಡುಗಿಯ ತಂದೆ, ಅವರ ಕಡೆ ತಿರುಗಿ ಏನೋ ಹೇಳುತ್ತಿದ್ದಾರೆ. ಅವರ ಕೈ ಅಜ್ಜಿಯ ಭುಜದ ಮೇಲಿದೆ. ಎರಡನೆಯದರಲ್ಲಿ ಅಜ್ಜಿ ಮೆಟ್ಟಿಲಿಳಿಯುತ್ತಿದ್ದಾರೆ, ಬರಿಯ ಬೆನ್ನು ಕಾಣುತ್ತದೆ.

ಅವರು ಏನು ಹೇಳಿದ್ದೆಂದು ನನಗೆ ಗೊತ್ತಿತ್ತು. ಮೂರು ಮಾರು ದೂರದಲ್ಲಿ ನಾನೇ ನಿಂತಿದ್ದೆನಲ್ಲ. ಧಾರೆ ಆಗಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬರು ಕೆಳಗಿನಿಂದ ಏನೋ ಸನ್ನೆ ಮಾಡಿದರು. ಹುಡುಗಿಯ ತಂದೆ, "ಅವ್ವ, ನೀನು ವಸಿ ಆ ಕಡಿಕ್ ಓಗು. ಶಾಸ್ತ್ರದಲ್ಲವ್ರೆ ಇಬ್ರೂವೆ" ಎಂದರು. ಅಜ್ಜಿ ಹೋದರು. ಕ್ಯಾಮೆರಾದೊಳಗೆ ನೋಡಿ ನಾನು, "ಅಜ್ಜಿ, ಸ್ವಲ್ಪ ಒಳಗೆ ಬನ್ನಿ" ಎಂದೆ. "ಸರ್ಯಾಗೇ ಇವ್ನಿ ಕಣವ್ವ, ನೀನ್ ವಡಿ" ಎಂದರು. ಇನ್ನೊಮ್ಮೆ ಕರೆಯಬಹುದಿತ್ತು. ಬೆಳಗಿನ ಜಾವದಿಂದ ನಿಂತಿದ್ದೆ, ಕೆಳಗೆ ಇನ್ನೂ ಹತ್ತು ಗುಂಪು ಸಾಲಿನಲ್ಲಿತ್ತು. ಮೂಲೆ ಕಪ್ಪಾಗಿರುವುದೂ ಕಂಡಿತ್ತು, ಕಂಪ್ಯೂಟರಿನಲ್ಲಿ ಸರಿಮಾಡಿದರಾಯಿತು ಎಂದುಕೊಂಡೆ. ಹೊಡೆದೆ.

ಮೊದಲನೆಯ ಚಿತ್ರದಿಂದ ಅಜ್ಜಿಯ ಮುಖವನ್ನು ಕತ್ತರಿಸಿ ಕಳಿಸಿದ್ದರೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಆದರೆ ಅದರಲ್ಲಿ ಅಜ್ಜಿ ಕ್ಯಾಮೆರಾ ನೋಡುತ್ತಿಲ್ಲ; ಮಗನ ಮುಖ ನೋಡುತ್ತಿದ್ದಾರೆ, ಆ ಮಾತು ಕಿವಿಗೆ ಬಿದ್ದ ಕ್ಷಣದಲ್ಲಿ. ಎಷ್ಟು ಹತ್ತಿರಕ್ಕೆ ಕತ್ತರಿಸಿದರೂ ಭುಜದ ಮೇಲೆ ನಾಲ್ಕು ಬೆರಳು ಉಳಿಯುತ್ತವೆ. ಹೂವಿನ ಹಾರ ಹಾಕಿ, ಊದುಬತ್ತಿ ಹಚ್ಚಿ, ನೆಂಟರೆಲ್ಲ ಕೈಮುಗಿಯುವ ಕಡೆ ಆ ಮುಖ ಕೊಡಲು ನನ್ನಿಂದಾಗಲಿಲ್ಲ. ಫೈಲನ್ನು ಮುಚ್ಚಿದೆ. ಅಳಿಸಲಿಲ್ಲ.

ಹಾಗಾಗಿ ಉಳಿದದ್ದು ಕಪ್ಪು ಮೂಲೆ. ಅದು ಎಷ್ಟು ಕಪ್ಪು, ಯಾಕೆ ಕಪ್ಪು ಎಂದು ಗೊತ್ತಾಗದೆ ಅದನ್ನು ಎತ್ತಿದರೆ ನಾನೂ ಆ ಆಪಿನ ಹಾಗೆ ಮುಖವನ್ನು ಊಹಿಸಿ ಬರೆದಂತೆಯೇ. ಲೆನ್ಸನ್ನು ಪರೀಕ್ಷಿಸಲೇಬೇಕಿತ್ತು.

ಯಾವ ಲೆನ್ಸಾದರೂ ಮಧ್ಯಕ್ಕೆ ಕೊಟ್ಟಷ್ಟು ಬೆಳಕನ್ನು ಮೂಲೆಗಳಿಗೆ ಕೊಡುವುದಿಲ್ಲ. ಬೆಳಕು ಬರುವ ಕಿಂಡಿಯನ್ನು ಪೂರ್ತಿ ತೆರೆದಾಗ ನಾಲ್ಕು ಮೂಲೆಯೂ ಮಂಕಾಗುತ್ತವೆ, ಕಿಂಡಿಯನ್ನು ಕಿರಿದು ಮಾಡುತ್ತ ಹೋದಂತೆ ಸರಿಹೋಗುತ್ತವೆ. ಇದನ್ನು ಎರಡು ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದ್ದೆ. ಒಂದು ಸಲವೂ ನಾನಾಗಿ ಅಳೆದು ನೋಡಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಮಹಡಿಗೆ ಹೋದೆ. ಮೋಡ ಮುಚ್ಚಿತ್ತು, ಎಲ್ಲಿಯೂ ನೆರಳು ಬೀಳುತ್ತಿರಲಿಲ್ಲ. ಪರೀಕ್ಷೆಗೆ ಅಂಥ ಬೆಳಕೇ ಬೇಕು. ಮೆಟ್ಟಿಲು ಕೋಣೆಯ ಹೊರಗೋಡೆಗೆ ಯುಗಾದಿಗೆ ಮುಂಚೆ ಬಿಳಿ ಬಣ್ಣ ಹೊಡೆಸಿದ್ದರು. ಅದರ ಮುಂದೆ ಸ್ಟ್ಯಾಂಡ್ ನಿಲ್ಲಿಸಿ, ಅವತ್ತು ಮಂಟಪಕ್ಕೆ ಒಯ್ದಿದ್ದ ಕ್ಯಾಮೆರಾ, ಅದೇ ಲೆನ್ಸು, ಚೀಲದಿಂದ ತೆಗೆದ ಹಾಗೆಯೇ ಕೂರಿಸಿದೆ. ಫೈಲಿನಲ್ಲಿ ಎಲ್ಲ ದಾಖಲಾಗಿರುತ್ತದೆ: ಎಷ್ಟು ಅಗಲಕ್ಕೆ ಇಟ್ಟಿದ್ದೆ, ಕಿಂಡಿ ಎಷ್ಟಿತ್ತು, ಎಷ್ಟು ದೂರಕ್ಕೆ ಫೋಕಸ್ ಮಾಡಿದ್ದೆ. ಅವೆಲ್ಲವನ್ನೂ ಹಾಗೆಯೇ ಇಟ್ಟು, ಕಿಂಡಿಯನ್ನು ಮಾತ್ರ ಪೂರ್ತಿ ತೆರೆದದ್ದರಿಂದ ಶುರುಮಾಡಿ ಒಂದೊಂದೇ ಹಂತ ಕಿರಿದು ಮಾಡುತ್ತ ಬರಿಯ ಗೋಡೆಯ ಫೋಟೊ ತೆಗೆದೆ.

ಮಾವ ಟೀ ಲೋಟ ಹಿಡಿದು ಮೇಲೆ ಬಂದರು.

"ಏನಮ್ಮಿ, ಮನ್ಷರು ಸಾಕಾದ್ರಾ? ಗೋಡೆಗೆ ಪೋಸ್ ಕೊಡುಸ್ತಾ ಇದೀಯಾ?"

"ಮೂಲೆ ನೋಡ್ತಿದೀನಿ ಮಾವ."

"ನೋಡು ನೋಡು. ಗೋಡೆ ಆದ್ರೆ ಕಣ್ ಮುಚ್ಚಕಿಲ್ಲ, ಊಟುಕ್ ಓಗ್ಬೇಕು ಅನ್ನಕಿಲ್ಲ. ಆಲ್ಬಮ್ ಎಂಗದೆ ಅಂತ ತಕರಾರೂ ಮಾಡಕಿಲ್ಲ." ಗೋಡೆಗೊಂದು ಸಲ ಕೈಮುಗಿದು ಪಕ್ಕದಲ್ಲಿ ಕೂತರು. ಆಮೇಲೆ ದನಿ ಇಳಿಸಿ, "ಲೆನ್ಸ್ ಓಗ್ಬುಟ್ಟೈತಾ?" ಎಂದರು.

ಗೊತ್ತಿಲ್ಲ ಎಂದೆ. ಅಗಲದ ಗುಂಪು ತೆಗೆಯಲು ನಮ್ಮಲ್ಲಿ ಇರುವುದು ಅದೊಂದೇ ಲೆನ್ಸು. ಮಾವ ಮತ್ತೆ ತಮಾಷೆ ಮಾಡಲಿಲ್ಲ.

ಗೋಡೆಯೇ ಒಂದು ಕಡೆ ಮಾಸಿರಬಹುದು ಎಂಬ ಅನುಮಾನ ನನಗಿತ್ತು. ಅದಕ್ಕೆ ಕ್ಯಾಮೆರಾವನ್ನು ಕಾಲು ಸುತ್ತು ತಿರುಗಿಸಿ ಎಲ್ಲವನ್ನೂ ಇನ್ನೊಮ್ಮೆ ತೆಗೆದೆ. ಕಪ್ಪು ಗೋಡೆಯದಾಗಿದ್ದರೆ ಗೋಡೆಯ ಮೇಲೆ ಇದ್ದ ಕಡೆಯೇ ಇರುತ್ತದೆ. ಚಿತ್ರದಲ್ಲಿ ಮಾತ್ರ ಬೇರೆ ಕಡೆಗೆ ಹೋಗುತ್ತದೆ. ಕ್ಯಾಮೆರಾದ್ದಾಗಿದ್ದರೆ ಕ್ಯಾಮೆರಾದ ಜೊತೆಗೇ ತಿರುಗುತ್ತದೆ.

ಕೆಳಗೆ ಬಂದು ಕಂಪ್ಯೂಟರಿನಲ್ಲಿ ಅಳೆದೆ. ಮಧ್ಯದ ಬೆಳಕನ್ನು ನೂರು ಎಂದಿಟ್ಟುಕೊಂಡು ಒಂದೊಂದು ಮೂಲೆಯಲ್ಲಿ ಎಷ್ಟು ಉಳಿದಿದೆ ಎಂದು ಹಾಳೆಯ ಮೇಲೆ ಬರೆದುಕೊಂಡೆ. ಕಿಂಡಿ ಪೂರ್ತಿ ತೆರೆದಾಗ ನಾಲ್ಕೂ ಮೂಲೆ ಮಂಕು, ಅದು ಸರಿಯೇ. ಮೂರು ಹಂತ ಕಿರಿದು ಮಾಡುವಷ್ಟರಲ್ಲಿ ಎಡಗಡೆಯ ಮೇಲ್ಮೂಲೆಯೂ ಬಲಗಡೆಯ ಕೆಳಮೂಲೆಯೂ ತೊಂಬತ್ತರ ಹತ್ತಿರ ಬಂದವು. ಉಳಿದೆರಡು ಬರಲೇ ಇಲ್ಲ. ಬಲಗಡೆಯ ಮೇಲ್ಮೂಲೆ, ಎಡಗಡೆಯ ಕೆಳಮೂಲೆ. ಇವೆರಡೂ ಕಿಂಡಿ ಕಿರಿದಾದಷ್ಟೂ ಇನ್ನಷ್ಟು ಕಪ್ಪಾದವು, ಕಪ್ಪಿನ ಅಂಚು ಚಾಕುವಿನಲ್ಲಿ ಕುಯ್ದಂತೆ ಸ್ಪಷ್ಟವಾಯಿತು. ಕ್ಯಾಮೆರಾ ತಿರುಗಿಸಿ ತೆಗೆದಾಗಲೂ ಚಿತ್ರದ ಅದೇ ಎರಡು ಮೂಲೆ.

ಎಂದರೆ ಗೋಡೆಯ ತಪ್ಪಲ್ಲ. ಲೆನ್ಸಿನ ತಪ್ಪೂ ಅಲ್ಲ. ಗಾಜಿನ ದೋಷ ಕಿಂಡಿ ಕಿರಿದಾದಾಗ ಹೀಗೆ ಹರಿತವಾಗುವುದಿಲ್ಲ. ಲೆನ್ಸಿನ ಮುಂದೆ ಏನೋ ಅಡ್ಡ ಬಂದಿತ್ತು.

ಲೆನ್ಸನ್ನು ಬಿಚ್ಚಿ ಹಿಂದಿನಿಂದ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಓರೆಮಾಡಿದಾಗ ಒಂದು ಕಡೆಯಿಂದ ಕಪ್ಪು ನಾಲಗೆಯಂಥದ್ದು ಒಳಗೆ ಚಾಚಿತು. ಅದು ಹುಡ್. ಅಡ್ಡಬೆಳಕು ಬೀಳದಿರಲೆಂದು ಲೆನ್ಸಿನ ಬಾಯಿಗೆ ಹಾಕುವ ಕಪ್ಪು ಪ್ಲಾಸ್ಟಿಕ್ ಬಳೆ. ಅದರ ಎಸಳುಗಳು ಮೇಲೆ ಕೆಳಗೆ ಉದ್ದ, ಅಕ್ಕಪಕ್ಕ ಗಿಡ್ಡ. ಚಿತ್ರದ ಮೂಲೆಗಳು ಎಸಳುಗಳ ನಡುವಿನ ತಗ್ಗಿನಿಂದ ಹಾದುಬರುತ್ತವೆ. ನಮ್ಮ ಹುಡ್ ಒಂದು ಬೆರಳಷ್ಟು ತಿರುಗಿ ಕೂತಿತ್ತು. ಯಾಕೆ ತಿರುಗಿತ್ತೆಂದರೆ ಅದರ ಕೊಂಡಿ ಮುರಿದಿತ್ತು. ಯಾಕೆ ಬೀಳದೆ ಹಾಗೇ ಕೂತಿತ್ತೆಂದರೆ ಅದಕ್ಕೆ ದಾರ ಕಟ್ಟಿತ್ತು.

ಹೋದ ಆಯುಧಪೂಜೆಯ ದಿನ ಮಾವ ಎಲ್ಲ ಕ್ಯಾಮೆರಾಗಳನ್ನೂ ಮಣೆಯ ಮೇಲೆ ಸಾಲಾಗಿಟ್ಟು, ಗಂಧ ಕುಂಕುಮ ಹಚ್ಚಿ, ಅರಿಶಿನದ ದಾರ ಕಟ್ಟಿದ್ದರು. ಹೇಗೂ ಹುಡ್ ಸಡಿಲವಿದೆಯೆಂದು ಈ ಲೆನ್ಸಿಗೆ ಮಾತ್ರ ಹುಡ್ಡನ್ನೂ ಸೇರಿಸಿ ಐದಾರು ಸುತ್ತು ಬಿಗಿದಿದ್ದರು. ಪೂಜೆಯ ದಾರ ಅದಾಗಿಯೇ ಕಳಚಿ ಬೀಳಬೇಕು, ನಾವು ಕತ್ತರಿಸಬಾರದು. ಹಿಂದೊಂದು ವರ್ಷ ಯಾರೋ ಕತ್ತರಿಸಿದ ವಾರವೇ ಬಾಗೂರಿನ ಮದುವೆಯಲ್ಲಿ ಕ್ಯಾಮೆರಾ ವೇದಿಕೆಯಿಂದ ಬಿದ್ದಿತ್ತಂತೆ. ಹಾಗಾಗಿ ಒಂಬತ್ತು ತಿಂಗಳಿಂದ ಆ ಹುಡ್ಡನ್ನು ಯಾರೂ ತೆಗೆದಿರಲಿಲ್ಲ. ನಾನೂ ತೆಗೆದಿರಲಿಲ್ಲ. ನಂಬಿಕೆಯಿಂದಲ್ಲ, ಮಾವನ ಜೊತೆ ಅದಕ್ಕೊಂದು ಮಾತು ಬೆಳೆಸುವ ಚೈತನ್ಯ ಇರಲಿಲ್ಲ. ಆ ಒಂಬತ್ತು ತಿಂಗಳ ಪ್ರತಿಯೊಂದು ಗುಂಪಿನಲ್ಲೂ ಆ ಎರಡು ಮೂಲೆ ಕಪ್ಪಾಗಿಯೇ ಬಂದಿರಬೇಕು. ಮೇಲ್ಮೂಲೆಯಲ್ಲಿ ಹೂವಿನ ಅಲಂಕಾರ, ಕೆಳಮೂಲೆಯಲ್ಲಿ ಕಾರ್ಪೆಟ್ಟು. ಅಲ್ಲಿ ಯಾರೂ ನಿಲ್ಲುವುದಿಲ್ಲ, ಹಾಗಾಗಿ ಯಾರೂ ಕೇಳಲಿಲ್ಲ.

ಮಾವನಿಗೆ ತೋರಿಸಿದೆ. ಲೆನ್ಸನ್ನು ಕೈಗೆ ತೆಗೆದುಕೊಂಡು ಅವರೂ ಬೆಳಕಿಗೆ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು.

"ನಾನೇ ಕಟ್ಟಿದ್ದು" ಎಂದರು.

"ಹೌದು ಮಾವ."

"ದೇವ್ರಿಗೆ ಅಂತ ಕಟ್ಟಿದ್ದು ಆ ಮುದ್ಕಮ್ಮನ ಮುಖುಕ್ಕೆ ಅಡ್ಡ ಬಂತಲ್ಲಮ್ಮಿ." ಮೇಜಿನ ಡ್ರಾಯರಿನಿಂದ ಕತ್ತರಿ ತೆಗೆದರು. ನಾನು ಹಾಳೆಯಲ್ಲಿ ಅಂಕಿ ಬರೆಯುತ್ತಿದ್ದೆ. ತಲೆಯೆತ್ತುವಷ್ಟರಲ್ಲಿ ಕತ್ತರಿಯ ಬಾಯಿ ದಾರದ ಕೆಳಗೆ ಹೋಗಿತ್ತು.

"ಮಾವ, ಬೇಡಿ! ಕತ್ತರಿಸ್ಬೇಡಿ!"

ನಾನು ಕೂಗಿ ಮಾತಾಡುವವಳಲ್ಲ. ಕೆಳಗಿನ ಔಷಧಿ ಅಂಗಡಿಯವರು "ಏನಾಯ್ತು?" ಎಂದು ಮೆಟ್ಟಿಲ ತನಕ ಬಂದರು. ಮಾವ ಗಾಬರಿಯಾಗಿ ಎರಡು ಕೈಯನ್ನೂ ಮೇಲೆತ್ತಿದ್ದರು, ಒಂದರಲ್ಲಿ ಕತ್ತರಿ, ಒಂದರಲ್ಲಿ ಲೆನ್ಸು.

"ಒಂಬತ್ ತಿಂಗ್ಳಿಂದ ನಾನ್ ಬಿಚ್ಬ್ಯಾಡ ಅಂತಿದ್ದೆ. ಈಗ ನಾನೇ ಬಿಚ್ತೀನಿ ಅಂದ್ರೆ ನೀನ್ ಬ್ಯಾಡ ಅಂತೀಯಾ? ಯಾವ್ ಸೀಮೆ ಎಂಎಸ್ಸಿನವ್ವ ನಿಂದು?"

ವಿವರಿಸಿದೆ. ಹುಡ್ ಅವತ್ತು ಹೇಗಿತ್ತೋ ಇವತ್ತೂ ಹಾಗೇ ಇದೆ. ಹಾಗಿರುವುದರಿಂದಲೇ, ಅಜ್ಜಿಯ ಮುಖ ಇದ್ದ ಜಾಗದಲ್ಲಿ ಎಷ್ಟು ಬೆಳಕು ತಡೆದಿತ್ತೆಂದು ಚುಕ್ಕಿ ಚುಕ್ಕಿಯಾಗಿ ಅಳೆಯಬಹುದು. ಬಿಳಿಗೋಡೆಯ ಚಿತ್ರವೇ ಆ ಕತ್ತಲೆಯ ನಕ್ಷೆ. ಅರ್ಧ ಬೆಳಕು ಬಂದ ಕಡೆ ಎರಡರಿಂದ ಗುಣಿಸುವುದು, ಕಾಲು ಭಾಗ ಬಂದ ಕಡೆ ನಾಲ್ಕರಿಂದ. ದಾರ ಕತ್ತರಿಸಿ ಹುಡ್ ಅಲುಗಿದರೆ ನಕ್ಷೆ ಹೋಯಿತು, ಮತ್ತೆ ಹಾಗೆಯೇ ಕೂರಿಸಲು ಸಾಧ್ಯವಿಲ್ಲ. ಮಾವ ಪೂರ್ತಿ ಕೇಳಿಸಿಕೊಂಡು ಕತ್ತರಿಯನ್ನು ಡ್ರಾಯರಿನೊಳಗೆ ಇಟ್ಟರು. ಲೆನ್ಸನ್ನು ಎರಡು ಕೈಯಲ್ಲೂ ಹಿಡಿದು ನನಗೆ ಕೊಟ್ಟರು.

ಮಧ್ಯಾಹ್ನ ಮತ್ತೆ ಮಹಡಿಗೆ ಹೋಗಿ, ಆ ಗುಂಪಿನ ಚಿತ್ರದ ಕಿಂಡಿಯಲ್ಲೇ ಗೋಡೆಯ ಮೂವತ್ತು ಚಿತ್ರ ತೆಗೆದೆ. ಸಣ್ಣ ಸಣ್ಣ ವ್ಯತ್ಯಾಸ ಹೋಗಲೆಂದು ಅವೆಲ್ಲದರ ಸರಾಸರಿ ಮಾಡಿದೆ. ಅಷ್ಟರಲ್ಲಿ ಸೋನೆ ಶುರುವಾಯಿತು. ಗೋಡೆ ನೆನೆಯಿತು. ಇನ್ನು ಬೇಕೆಂದರೂ ಸಿಗುತ್ತಿರಲಿಲ್ಲ.

ಶನಿವಾರ ಪೂರ್ತಿ ಅದರ ಮೇಲೆ ಕೂತೆ. ಹಾಗೆ ಗುಣಿಸಿದಾಗ ಮುಖ ಒಮ್ಮೆಲೇ ಬಂತು, ಆದರೆ ಮರಳು ಎರಚಿದ ಹಾಗೆ ಕಾಳು ಕಾಳಾಗಿ. ಎಲ್ಲಿ ಬೆಳಕು ಕಡಿಮೆ ಬಿದ್ದಿತ್ತೋ ಅಲ್ಲಿ ಕಾಳು ಹೆಚ್ಚು. ಹಣೆ, ಎರಡು ಕಣ್ಣು, ಮೂಗು, ಬಾಯಿ, ಬಲಗೆನ್ನೆ ಬಂದವು. ಕಿವಿ ಬರಲಿಲ್ಲ. ಅಲ್ಲಿ ಬೆಳಕೇ ಬಿದ್ದಿರಲಿಲ್ಲ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೇನು. ಕಿವಿಯ ಜಾಗವನ್ನು ಕಪ್ಪಾಗಿಯೇ ಬಿಟ್ಟೆ, ನೆರಳಿನಂತೆ ಕಾಣುವ ಹಾಗೆ. ಬಣ್ಣದಲ್ಲಿ ಮಾತ್ರ ಅನುಮಾನವಿತ್ತು. ಸೀರೆ ಕಂದೋ ನೇರಳೆಯೋ ತಿಳಿಯಲಿಲ್ಲ. ಆಗ ಮೊದಲನೆಯ ಚಿತ್ರವನ್ನು ಮತ್ತೆ ತೆರೆಯಬೇಕಾಯಿತು. ಕಂದು. ಚರ್ಮದ ಬಣ್ಣವನ್ನೂ ಅದರಿಂದಲೇ ಹೋಲಿಸಿದೆ. ಹೋಲಿಸುವಾಗಲೆಲ್ಲ ಆ ನಾಲ್ಕು ಬೆರಳು ಪರದೆಯ ಮೇಲೆ ಇದ್ದೇ ಇರುತ್ತಿದ್ದವು.

ಸೋಮವಾರ ಹಾಸನಕ್ಕೆ ಹೋದೆ. ದೊಡ್ಡ ಪ್ರಿಂಟು ಅಲ್ಲಿಯ ಲ್ಯಾಬಿನಲ್ಲೇ ಆಗಬೇಕು. ಪ್ರಿಂಟಿನ ಬಣ್ಣ ಹೋಲಿಸಲೆಂದು ಮೂರು ಚಿತ್ರವನ್ನೂ ಫೋನಿಗೆ ಹಾಕಿಕೊಂಡಿದ್ದೆ. ಲ್ಯಾಬಿನವರು ಪ್ರಿಂಟು ನೋಡಿ, "ಈ ಕಿವಿ ಒಂದು ಹಾಕ್ಬಿಡ್ಲಾ ಮೇಡಂ? ಎರಡ್ ನಿಮಿಷ" ಎಂದರು. ಬೇಡವೆಂದೆ. "ಒಂದ್ ಕಿವಿ ಕಮ್ಮಿ ಆದ್ರೆ ಬೈತಾರೆ" ಎಂದರು. ಬೈಯಲಿ ಎಂದೆ. ಚೌಕಟ್ಟು ಹಾಕಿಸಿ, ಸುದ್ದಿಪತ್ರಿಕೆ ಸುತ್ತಿ, ಆಧಾರ್ ತೋರಿಸಿ ಹೊಳೆನರಸೀಪುರದ ಬಸ್ಸು ಹತ್ತಿದೆ. ಸೀಟು ಸಿಗಲಿಲ್ಲ. ಚೌಕಟ್ಟು ಯಾರ ಮೊಣಕೈಗೂ ತಾಗದಂತೆ ಎದೆಗವಚಿಕೊಂಡು ನಿಂತೆ. ಮನೆಯವರ ಮುಂದೆ ಯಾವ ಮಾತೂ ಬರದಿದ್ದರೆ ಸಾಕು, ಕೊಟ್ಟು ಹೊರಟುಬಿಡಬೇಕು ಎಂಬುದಷ್ಟೇ ಮನಸ್ಸಿನಲ್ಲಿತ್ತು.

ಅವರ ಮನೆ ಪೇಟೆಯಿಂದ ಸ್ವಲ್ಪ ಒಳಗಿತ್ತು. ಅಂಗಳದಲ್ಲಿ ಶಾಮಿಯಾನದ ಕಂಬಗಳನ್ನು ಇಳಿಸಿದ್ದರು. ಹುಡುಗಿ ಓಡಿಬಂದು ಪತ್ರಿಕೆ ಹರಿದಳು. ನೋಡಿದಳು, ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಅಜ್ಜೀನೇ" ಎಂದವಳೇ ಒಳಗೆ ಕೂಗಿದಳು, "ಅಮ್ಮಾ, ಬಾ ಇಲ್ಲಿ, ಅಜ್ಜಿ ಬಂದವ್ರೆ!" ಆಡಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ಅತ್ತಳು.

ಅವಳ ತಾಯಿ ಹತ್ತಿರದಿಂದ ನೋಡಿ, "ಬೊಟ್ಟಿಲ್ಲ ಸದ್ಯ" ಎಂದರು. "ಕಿವಿ ಎಲ್ಲವ್ವ?"

"ಅಲ್ಲಿ ಕತ್ತಲೆ ಇತ್ತು ಅಮ್ಮ."

"ಓಗ್ಲಿ ಬುಡು. ಆ ಕಿವಿ ಮೊದ್ಲೇ ಕೇಳ್ತಿರ್ಲಿಲ್ಲ ಅತ್ತೆಗೆ." ನಗುವೂ ಅಳುವೂ ಒಟ್ಟಿಗೇ ಬಂದು, ಸೆರಗಿನಲ್ಲಿ ಮುಖ ಒರೆಸಿಕೊಂಡು ಕಾಫಿ ತರಲು ಹೋದರು.

ಹುಡುಗಿಯ ತಂದೆಯೂ ಹೊರಗೆ ಬಂದರು. ತಲೆ ಬೋಳಿಸಿಕೊಂಡಿದ್ದರು, ಮದುವೆಯ ದಿನಕ್ಕಿಂತ ಸಣ್ಣವರಾಗಿ ಕಂಡರು. ಚೌಕಟ್ಟನ್ನು ಎರಡು ಕೈಯಲ್ಲಿ ಹಿಡಿದು ಒಳಗೆ ಒಯ್ದು, ಕುರ್ಚಿಯ ಮೇಲಿಟ್ಟು ಬಂದರು. ಕಾಫಿ ಕುಡಿದು ನಾನು ಹೊರಟಾಗ ಗೇಟಿನವರೆಗೂ ಹಿಂದೆಯೇ ಬಂದರು.

"ಅವತ್ತು ಮೂರ್ ಸಲ ಬೆಳಕ್ ಬಿತ್ತಲ್ಲವ್ವ" ಎಂದರು.

"ಹೌದು ಸರ್."

"ಇದು ಕೊನೇದು."

"ಹೌದು."

"ಮೊದಲ್ನೇದು ಏನ್ ಮಾಡುದ್ರಿ?"

ಅಳಿಸಿಹೋಯಿತು ಎಂದಿದ್ದರೆ ಮುಗಿಯುತ್ತಿತ್ತು. ಬಸ್ಸಿನಲ್ಲಿ ಆ ಮಾತನ್ನು ಒಂದೆರಡು ಸಲ ಸಿದ್ಧ ಮಾಡಿಕೊಂಡೂ ಇದ್ದೆ. "ಇದೆ" ಎಂದೆ.

"ಅದ್ರಲ್ಲೂ ಕತ್ಲೆನಾ?"

"ಇಲ್ಲ. ಅದರಲ್ಲಿ ಚೆನ್ನಾಗಿ ಕಾಣ್ತಾರೆ. ಆದ್ರೆ ಕ್ಯಾಮೆರಾ ನೋಡ್ತಿಲ್ಲ."

"ಎತ್ಲಾಗ್ ನೋಡ್ತಾವ್ಳೆ?"

"ನಿಮ್ಮನ್ನ."

ಅವರು ಕೈ ಚಾಚಿದರು. ಫೋನು ತೆಗೆದು ಚಿತ್ರ ತೆರೆದು ಕೊಟ್ಟೆ. ಕನ್ನಡಕ ಒಳಗೇ ಬಿಟ್ಟಿದ್ದರೋ ಏನೋ, ಫೋನನ್ನು ಒಮ್ಮೆ ದೂರ ಹಿಡಿದರು, ಒಮ್ಮೆ ಹತ್ತಿರ ತಂದರು. ಎರಡು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿದರು. ಮೊದಲು ಕೈಯನ್ನು ನೋಡಿದರು, ಆಮೇಲೆ ಮುಖವನ್ನು.

"ತಳ್ಳಿದ್ದು ನಾನು" ಎಂದರು. "ಯಾರೋ ಕಣ್ಸನ್ನೆ ಮಾಡುದ್ರು ಅಂತ."

ಅವರ ಬೆರಳು ಇನ್ನೂ ಪರದೆಯ ಮೇಲೆಯೇ ಇತ್ತು.

"ಅವತ್ತಿಂದ ಅವ್ಳೂ ಆ ಮಾತ್ ಎತ್ಲಿಲ್ಲ. ನಾನೂ ಕೇಳ್ಲಿಲ್ಲ. ಕ್ವಾಪ ಮಾಡ್ಕಂಡವ್ಳೆ ಅಂತ್ಲೇ ಅನ್ಕಂಡಿದ್ದೆ." ಫೋನನ್ನು ನನ್ನ ಕಡೆ ತಿರುಗಿಸಿದರು. "ನೀವು ದಿನಾ ಮುಖ ನೋಡೋರು. ಯೋಳ್ರವ್ವ. ಕ್ವಾಪ ಐತಾ ಇದ್ರಲ್ಲಿ?"

ನೋಡಿದೆ. ಇಡೀ ಒಂದು ದಿನ ಆ ಮುಖದ ಬಣ್ಣವನ್ನು ಅಂಕಿಗಳಲ್ಲಿ ಅಳೆದಿದ್ದೆ. ಹುಬ್ಬು ಸ್ವಲ್ಪ ಎತ್ತಿತ್ತು, ತುಟಿ ಇನ್ನೇನೋ ಹೇಳಲು ಹೊರಟಂತೆ ಅರೆತೆರೆದಿತ್ತು. ಕೋಪವಲ್ಲ ಎಂದರೆ ಅವರಿಗೆ ಸಮಾಧಾನವಾಗುತ್ತಿತ್ತು.

"ನನಗೆ ಗೊತ್ತಾಗ್ತಿಲ್ಲ ಸರ್" ಎಂದೆ.

ತಲೆಯಾಡಿಸಿದರು. "ನಂಗೂವೆ" ಎಂದರು. ಮನೆಯ ಕಡೆ ಕೈ ತೋರಿಸಿ, "ಒಳಗಡೆ ಅದೇ ಇರ್ಲಿ. ಜನ ನೋಡಾಕೆ ಅದು ಸರಿ. ಇದ ನಂಗೊಬ್ಬುನ್ಗೆ ಕಳ್ಸಿ" ಎಂದರು.

ಅವರ ನಂಬರ್ ಕೇಳಿ ಕಳಿಸಲು ಹಾಕಿದೆ. ಮೂಲ ಫೈಲು ದೊಡ್ಡದು, ಅಲ್ಲಿ ನೆಟ್‌ವರ್ಕ್ ಒಂದೇ ಗೆರೆ. ಚಿಕ್ಕದು ಮಾಡಿ ಕಳಿಸಿದರೆ ಬೇಗ ಹೋಗುತ್ತದೆ ಎಂದೆ.

"ಬ್ಯಾಡ. ಎಂಗೈತೋ ಅಂಗೇ ಬರ್ಲಿ."

ಒಳಗಿನಿಂದ ಯಾರೋ ಅವರನ್ನು ಕರೆದರು. ಶಾಮಿಯಾನದವರು ಕಂಬ ಎಲ್ಲಿ ನೆಡಬೇಕೆಂದು ಕೇಳುತ್ತಿದ್ದರು. ಅವರು ತಿರುಗಿ ನೋಡಲಿಲ್ಲ. ಪರದೆಯ ಮೇಲಿನ ಸಣ್ಣ ಉಂಗುರ ನಿಧಾನವಾಗಿ ತುಂಬುತ್ತಿತ್ತು, ನಡುವೆ ನಿಂತು ಮತ್ತೆ ಹೊರಡುತ್ತಿತ್ತು. ನನ್ನ ಬಸ್ಸಿನ ಹೊತ್ತು ಮೀರಿತು. ಚಿತ್ರ ಹೋಗಿ ಮುಟ್ಟುವವರೆಗೂ ಇಬ್ಬರೂ ಗೇಟಿನ ಹತ್ತಿರ ಹಾಗೆಯೇ ನಿಂತಿದ್ದೆವು.